ಖಾಲಿ ನೀರಿನಲ್ಲಿ ನನ್ನ ತಲೆಹೊಟ್ಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ನೀರನ್ನು ಕೆಡಿಸಿದ್ದು ನನ್ನ ತಲೆ. ಮೊನ್ನೆ ಹಿಮಾಯತ್‌ನಗರದ ಮೆಡಿಕಲ್ ಶಾಪಿನಲ್ಲಿ ಯಾರೋ ತಲೆಹೊಟ್ಟಿನ ಶಾಂಪೂ ಮುಚ್ಚಳ ತೆಗೆದು ಮೂಸಿದರು. ಗಂಧಕದ ಘಾಟು ನನ್ನ ಮೂಗಿಗೂ ಬಡಿಯಿತು. ವರ್ಷಗಳ ಹಿಂದೆ ನಾನಿದ್ದ ಲ್ಯಾಬಿನ ಮೇಡಂ ನೆನಪಾದರು…

ಬೀದರಿನವರು. ನೀರಿನಲ್ಲಿ, ತಾಮ್ರದ ತುಣುಕಿನಲ್ಲಿ ಸೆಲೆನಿಯಂ ಎಂಬ ಮೂಲವಸ್ತು ಎಷ್ಟಿದೆ ಎಂದು ಅಳೆಯುವುದು ಅವರ ಕೆಲಸ. ಎಷ್ಟಿರುತ್ತದೆ ಅಂತೀರಿ? ಹುಸೇನ್ ಸಾಗರಕ್ಕೆ ಚಿಟಿಕೆ ಉಪ್ಪು ಹಾಕಿ ಹುಡುಕಿದ ಹಾಗೆ. ನಾನು ಆಗ ಅವರ ಕೈಕೆಳಗಿನ ಹೊಸ ಕೆಮಿಸ್ಟ್. ಅಳೆಯುವುದಕ್ಕಿಂತ ಅಣಕಿಸುವುದರಲ್ಲಿ ಮುಂದು. ಚಿಂತೆ ಬಂದರೆ ಎರಡೂ ಕೈಯಿಂದ ತಲೆ ಕೆರೆದುಕೊಳ್ಳುವ ಮ್ಯಾನೇಜರ್ ನನ್ನ ಹೆಸರುವಾಸಿ ಐಟಂ. ಮೇಡಂ ಬೀಕರು ಜೋಡಿಸಿಟ್ಟ ಮೇಜಿನ ಮುಂದೆಯೇ ಪ್ರದರ್ಶನ.

ಆಮೇಲೆ ಬ್ಲ್ಯಾಂಕ್ ಕೆಟ್ಟಿತು. ಬ್ಲ್ಯಾಂಕ್ ಅಂದರೆ ಸ್ಯಾಂಪಲ್ ಬೆರೆಸದ ಬರೀ ಶುದ್ಧ ನೀರು. ಅದರಲ್ಲಿ ಸೆಲೆನಿಯಂ ಕಾಣಲೇಬಾರದು. ಒಂದು ದಿನ ಕಾಣುತ್ತಿರಲಿಲ್ಲ, ಇನ್ನೊಂದು ದಿನ ಕಾಣುತ್ತಿತ್ತು. ಮೇಡಂ ಆ್ಯಸಿಡ್ ಬದಲಿಸಿದರು, ಬಾಟಲಿ ಬದಲಿಸಿದರು… ಕೊನೆಗೆ ಮ್ಯಾನೇಜರ್ ಬಂದು, "ಮೇಡಂ, ನಿಮ್ಮ ಕೈ ಕೆಟ್ಟೈತಿ. ಸೋಮವಾರದಿಂದ ಮಷೀನ್ ಬಿಟ್ಟು ಫೈಲ್ ನೋಡ್ರಿ" ಅಂದುಬಿಟ್ಟರು. ಅಳೆಯುವ ಆ ಮಷೀನನ್ನು ಬೇರೆಯವರು ಒರೆಸಲಿಕ್ಕೂ ಬಿಡದಿದ್ದ ಮೇಡಂ, ಸ್ಟೂಲಿನ ಮೇಲೆ ಕುಸಿದು ಕೂತರು.

ನಗಿಸೋಣವೆಂದು, ಮ್ಯಾನೇಜರ್ ಹೋದದ್ದೇ ನಾನು ಅವರಂತೆ ತಲೆ ಕೆರೆಯತೊಡಗಿದೆ. ಮೇಡಂ ನಗಲಿಲ್ಲ. ನನ್ನೆದುರಿನ ಬೀಕರಿನತ್ತ ನೋಡಿದರು, ನನ್ನ ತಲೆ ನೋಡಿದರು.

"ತಮ್ಮಾ, ತಲಿಗಿ ಏನ್ ಹಚ್ಕೋತಿ?"

"ಹೊಟ್ಟಿನ ಶಾಂಪೂರಿ. ಡಾಕ್ಟರ್ ಕೊಟ್ಟಾರ."

"ಅದರಾಗ ಏನೈತಿ, ಓದೀಯೇನು?"

ಓದಿರಲಿಲ್ಲ. ಫೋನಿನಲ್ಲಿ ಹುಡುಕಿದೆ: ಸೆಲೆನಿಯಂ ಸಲ್ಫೈಡ್! ಕೆಮಿಸ್ಟ್ ಅಂತೆ, ಕೆಮಿಸ್ಟ್! ಮೇಡಂ ಹೊಸ ಬ್ಲ್ಯಾಂಕಿಗೆ ನನ್ನ ಹೊಟ್ಟು ಉದುರಿಸಿಕೊಂಡು, ಆ್ಯಸಿಡ್ ಹಾಕಿ ಕಾಯಿಸಿ, ಮ್ಯಾನೇಜರನ್ನು ಕರೆಸಿ ಅವರೆದುರೇ ಅಳೆದರು. ಪರದೆಯ ಮೇಲೆ ಗೆರೆ ಜಿಗಿದು ಮೇಲಂಚಿಗೆ ಬಡಿಯಿತು.

ಮೊನ್ನೆ ಆ ಅಂಗಡಿಯಿಂದಲೇ ಮೇಡಂಗೆ ಫೋನ್ ಮಾಡಿದೆ, ಕಾಡಿಸೋಣ ಎಂದು. ಮಗಳು ಎತ್ತಿದಳು. "ಅವ್ವ ಹೋಗಿ ವರ್ಷಾತ್ರಿ…" ಕಾಡಿಸಲು ತಯಾರಾಗಿದ್ದ ಮ್ಯಾನೇಜರ್ ದನಿ ಬಿಟ್ಟು, ನನ್ನದೇ ದನಿಯಲ್ಲಿ ನಾನ್ಯಾರೆಂದು ಹೇಳಿದೆ. ಮೇಡಂ ವರ್ಷದಿಂದ ಇಲ್ಲ, ನನಗೆ ಗೊತ್ತೇ ಇರಲಿಲ್ಲ.

ಆ ಗೆರೆ ಜಿಗಿದ ದಿನ ಮ್ಯಾನೇಜರ್ ಕೆಂಡವಾಗಿದ್ದರು. "ಇವನ ತಲ್ಯಾಗ ಏನೂ ಇಲ್ಲ ಮೇಡಂ! ನಾಳಿಂದ ಬರೋದು ಬ್ಯಾಡ." ಮೇಡಂ ಪರದೆಯ ಕಡೆ ಕೈ ತೋರಿಸಿದರು. ನನ್ನ ನೌಕರಿ ಉಳಿದದ್ದು ಅವರ ಆ ಒಂದು ಮಾತಿನಿಂದ:

"ಏನೂ ಇಲ್ಲ ಅನಬ್ಯಾಡ್ರಿ ಸರ್. ಈಗಷ್ಟ ಅಳದೀನಿ, ಭಾಳ ಐತಿ."