ಕಣಗಿಲೆಯ ಕಡ್ಡಿ

ನನ್ನ ಭಾವನ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು. ‘ಮೋತಿ.’

ಕಮಲಾಪುರದಲ್ಲಿ ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದ ಮನುಷ್ಯ. ಚಹಾಕ್ಕಿಂತ ಅವರ ಹರಟೆಗೇ ಗಿರಾಕಿಗಳು ಬರುತ್ತಿದ್ದರು. ಲಕ್ವಾ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ನೀರು ಬೇಕಾದರೂ ‘ಮೋತಿ’, ಸಿಟ್ಟು ಬಂದರೂ ‘ಮೋತಿ’. ಅಕ್ಕನನ್ನು ಕರೆಯುವುದೂ ಹಾಗೆಯೇ. (ಮೊದಮೊದಲು ಅಕ್ಕ ಅತ್ತಳು. ಆಮೇಲೆ ‘ಓ’ ಎನ್ನತೊಡಗಿದಳು.)

ನಿಜವಾದ ಮೋತಿ ಅವರ ಮನೆಯ ನಾಯಿ. ಬೀದಿಯಿಂದ ಬಂದು ಸೇರಿಕೊಂಡದ್ದು. ಭಾವ ಯಾವುದಕ್ಕೆ ಕೂಗಿದರೂ ತನ್ನನ್ನೇ ಕರೆದರೆಂದು ಓಡಿ ಬರುತ್ತಿತ್ತು.

ಬಲಗೈಗೆ ಎಕ್ಸರ್‌ಸೈಜ್ ಬೇಕು ಎಂದು ಡಾಕ್ಟರ್ ಹೇಳಿದ್ದರು. ರಬ್ಬರ್ ಚೆಂಡು ತಂದುಕೊಟ್ಟೆ. ಮುಟ್ಟಲಿಲ್ಲ. ಆದರೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೋತಿಗೆ ಕಡ್ಡಿ ಎಸೆಯುವುದೆಂದರೆ ಎಲ್ಲಿಲ್ಲದ ಹುರುಪು! ಎಸೆದದ್ದು ಬೀಳುತ್ತಿದ್ದುದು ಅವರ ಕಾಲ ಬುಡದಲ್ಲೇ. ಮೋತಿ ಅದನ್ನೇ ದೊಡ್ಡ ಬೇಟೆ ಆಡಿದ ಹಾಗೆ ಕಚ್ಚಿ ತಂದು ಮಡಿಲಲ್ಲಿಡುತ್ತಿತ್ತು. ಬರಬರುತ್ತಾ ಕಡ್ಡಿ ಕೊಂಚ ದೂರ ಬೀಳತೊಡಗಿತು. ಬೆರಳುಗಳು ಮಡಚತೊಡಗಿದವು.

ಹೋದ ವಾರ ಬೆಳಿಗ್ಗೆ ಅಕ್ಕನ ಫೋನ್.

“ತಮ್ಮಾ, ಮೋತಿ ಒಂದೇ ಸಮ ವಾಂತಿ ಮಾಡಾಕತ್ತದ. ಎದ್ದು ನಿಲ್ಲವಲ್ದು. ಜಲ್ದಿ ಗಾಡಿ ತಗೊಂಡು ಬಾ.”

ಕಲಬುರಗಿಯ ಗಾಜಿಪುರದಲ್ಲಿರುವ ನನ್ನ ಮನೆಯಿಂದ ಕಾರು ತೆಗೆದುಕೊಂಡು ಹೋದೆ. ಕಲಬುರಗಿಗೆ ವಾಪಸು ಬರುವಾಗ ಭಾವ ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಮೋತಿಯ ತಲೆ ಅವರ ತೊಡೆಯ ಮೇಲಿತ್ತು. ಅಕ್ಕ ಮುಂದೆ ನನ್ನ ಪಕ್ಕ ಕೂತಳು.

ಪಶುವೈದ್ಯರು ನಾಯಿಯ ಬಾಯಿ ಬಿಡಿಸಿದರು. ಹಲ್ಲುಗಳ ನಡುವೆ ಹಸಿ ತೊಗಟೆ, ಉದ್ದನೆಯ ಎಲೆಯ ಚೂರು.

“ಇದು ಕಣಗಿಲ ಅದರೀ. ಹೂ, ಎಲಿ, ಕಡ್ಡಿ ಎಲ್ಲಾ ವಿಷ. ನಾಯಿಗಾಗ್ಲಿ, ಬೆಕ್ಕಿಗಾಗ್ಲಿ ಬಲು ಕೆಟ್ಟದ್ದು. ಎದಿ ಬಡಿತಾನೇ ಹಳಿ ತಪ್ಪಿಸ್ತದ. ಕಡ್ಡಿ ಯಾರು ಕೊಟ್ರಿ?”

ಹಿಂದಿನ ದಿನ ಅಕ್ಕ ಅಂಗಳದ ಕಣಗಿಲೆ ಗಿಡ ಸವರಿ, ಕಡ್ಡಿಗಳನ್ನು ಭಾವನ ಕುರ್ಚಿಯ ಪಕ್ಕ ರಾಶಿ ಹಾಕಿದ್ದಳು. ಏನಾಗಿದೆಯೆಂದು ಅವಳಿಗೆ ಹೊಳೆಯಿತು.

“ನಾನೇ ರೀ,” ಎಂದಳು ತಟ್ಟನೆ. “ನಾನೇ ಕಡ್ಡಿ ಒಗದೆ.”

ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಭಾವ ನಿಧಾನಕ್ಕೆ ಬಲಗೈ ಎತ್ತಿದರು. ಭುಜದ ಮಟ್ಟಕ್ಕೆ. ಲಕ್ವಾ ಹೊಡೆದ ಮೇಲೆ ಆ ಕೈ ಅಷ್ಟು ಮೇಲೆ ಹೋದದ್ದನ್ನು ನಾವು ಕಂಡೇ ಇರಲಿಲ್ಲ.

“ಮೋತಿ,” ಎಂದರು.

ಅವರು ತಪ್ಪೊಪ್ಪಿಕೊಳ್ಳುತ್ತಿದ್ದರು. ವೈದ್ಯರಿಗೆ ಅದು ಹೇಗೆ ಗೊತ್ತಾಗಬೇಕು? “ಕರೀರಿ, ಕರೀರಿ ಕಾಕಾ, ನಿಮ್ಮ ದನಿ ಕೇಳ್ಲಿ ಅದಕ್ಕ,” ಎನ್ನುತ್ತಾ ಇಂಜೆಕ್ಷನ್ ತುಂಬಿದರು. ಮೋತಿಯ ಕಿವಿ ಒಮ್ಮೆ ಅಲುಗಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು.

ಕಮಲಾಪುರಕ್ಕೆ ತಂದು ಮನೆಯ ಹಿತ್ತಲಲ್ಲಿ ಮಣ್ಣು ಮಾಡಿದೆವು. ಅಕ್ಕ ಗಿಡವನ್ನು ಬುಡಸಮೇತ ಕೀಳಿಸಿದಳು. ಸುಡಬೇಡಿ, ಅದರ ಹೊಗೆಯೂ ಕೆಟ್ಟದ್ದು ಎಂದು ವೈದ್ಯರು ಎಚ್ಚರಿಸಿದ್ದರು. ಹಾಗಾಗಿ ಗಿಡಕ್ಕೂ ಒಂದು ಗುಂಡಿ ತೋಡಿಸಿದೆವು.

“ಇಷ್ಟು ವರ್ಷ ಇದರ ಹೂ ಶಿವಗ ಏರಿಸೀನಿ,” ಎಂದಳು ಅಕ್ಕ. “ಒಬ್ಬರರ ಒಂದು ಮಾತು ಹೇಳ್ಬಾರದಿತ್ತೇನೋ?”

ಕಣಗಿಲೆಯನ್ನು ನಾವು ನೆಡುವುದೇ ಅದಕ್ಕೆ ನೀರು ಕಡಿಮೆ ಸಾಕು, ಆಡು ಕುರಿ ಬಾಯಿ ಹಾಕುವುದಿಲ್ಲ ಎಂದು. ಯಾಕೆ ಬಾಯಿ ಹಾಕುವುದಿಲ್ಲ? ಆ ಪ್ರಶ್ನೆ ನಮಗೆ ಬರಲೇ ಇಲ್ಲ. ಬೊಕೆಯಲ್ಲಿ ಬರುವ ಲಿಲ್ಲಿಯ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಕೆಡುತ್ತದಂತೆ. ಅದನ್ನೂ ವೈದ್ಯರೇ ಹೇಳಿದರು. ಅಂದು, ಅಷ್ಟು ತಡವಾಗಿ.

ಭಾವ ಈಗ ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡೇ ಕೂರುತ್ತಾರೆ. ಅಕ್ಕ ಅದನ್ನು ಹೊರಗೆ ತೆಗೆಯಲು ಹೋದರೆ ಎಡಗೈಯಿಂದ ಅವಳನ್ನು ತಳ್ಳುತ್ತಾರೆ. ಇದ್ದ ಒಂದು ಮಾತನ್ನೂ ಆಡುತ್ತಿಲ್ಲ.

ಮೊನ್ನೆ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಗೇಟಿಗೊಂದು ಕಣಗಿಲೆ, ಗುಲಾಬಿ ಬಣ್ಣ, ಮೈತುಂಬ ಹೂ. ಅದರ ನೆರಳಲ್ಲಿ ನಾಯಿಮರಿಯೊಂದು ಉದುರಿದ ಎಲೆ ಕಚ್ಚುತ್ತಾ ಆಡುತ್ತಿತ್ತು. ಓಡಿಹೋಗಿ ಬಾಯಿಂದ ಕಿತ್ತು ಬಿಸಾಡಿದೆ. ಗೆಳೆಯ ನಕ್ಕ.

ಗಿಡ ಕೊಳ್ಳುವಾಗ ಎಷ್ಟು ಹೂ ಬಿಡುತ್ತದೆ ಎಂದು ಕೇಳುವ ನಾವು, ಅದರ ಬುಡದಲ್ಲಿ ಮಲಗುವವರ ಪರವಾಗಿ ಒಂದು ಮಾತು ಯಾಕೆ ಕೇಳುವುದಿಲ್ಲ?