ಕಳೆದುಹೋದ ಪಂದ್ಯದ ಬೀಗರೂಟ

ನವೆಂಬರಿನ ಶನಿವಾರಗಳಲ್ಲಿ ಪಕ್ಕದ ಹಿತ್ತಲಿನ ಇದ್ದಿಲ ಹೊಗೆಯು ನನ್ನ ಅಡುಗೆಮನೆಯ ಇಂಗಿನ ಒಗ್ಗರಣೆಯೊಡನೆ ಬೆರೆತರೆ ಸಾಕು, ನಾನು ಮತ್ತೆ ಹತ್ತು ವರ್ಷದ ಮಗುವಾಗಿ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದ ಪಾರ್ಕಿಂಗ್ ಲಾಟಿನಲ್ಲಿ ನಿಂತಿರುತ್ತೇನೆ. ಪಂದ್ಯಕ್ಕೆ ಮುಂಚೆ ಸುತ್ತಲಿನವರೆಲ್ಲ ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ಮಾಂಸ ಸುಡುತ್ತಿದ್ದರೆ, ಅಮ್ಮ ಸೀರೆಯ ಮೇಲೆ ಅಪ್ಪನ ದಪ್ಪ ಕೋಟು ತೊಟ್ಟು, ಸಣ್ಣ ಗ್ಯಾಸ್ ಒಲೆಯ ಮೇಲೆ ಬಿಸಿಬೇಳೆಬಾತಿಗೆ ತುಪ್ಪದ ಒಗ್ಗರಣೆ ಕೊಡುತ್ತಿದ್ದಳು. ಆಟ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ಅಪ್ಪ ಓದಿದ ಕಾಲೇಜಿನ ತಂಡವೆಂದರೆ ಅವಳಿಗೆ ತವರಿನಷ್ಟೇ ಅಭಿಮಾನ. ನಿಮಗೂ ಅಂಥ, ಯಾವುದೋ ವಾಸನೆಯಲ್ಲಿ ಮಾತ್ರ ಉಳಿದುಕೊಂಡ ಒಂದು ಮನೆ ಇದ್ದಿರಬೇಕು. ನಮ್ಮದು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿತ್ತು.

ನಮ್ಮ ತಂಡದ ಬದ್ಧ ಎದುರಾಳಿ ಡೆಲವೇರ್ ನದಿಯಾಚೆಯ ಕಾಲೇಜು. ಅಪ್ಪನ ಸ್ನೇಹಿತರಾದ ಮಂಗಳೂರಿನ ಫಿಲಿಪ್ ಅಂಕಲ್ ಓದಿದ್ದು ಅಲ್ಲಿ. ಅವರ ಮೋಟೆಲ್ ಇದ್ದದ್ದೂ ಅಲ್ಲೇ. ವರ್ಷವಿಡೀ ಮೋಟೆಲಿಗೆ ಅಂಟಿಕೊಂಡಿರುತ್ತಿದ್ದ ಅವರೂ ಅವರ ಹೆಂಡತಿ ಲೀನಾ ಆಂಟಿಯೂ ರಜೆ ಮಾಡುತ್ತಿದ್ದದ್ದು ಆ ಪಂದ್ಯದ ಶನಿವಾರ, ಭಾನುವಾರ ಮಾತ್ರ. ಸೋತ ಪಕ್ಷವು ಮರುದಿನ ಗೆದ್ದವರನ್ನು ಮನೆಗೆ ಕರೆದು ಊಟ ಹಾಕಬೇಕು, ಅವರು ತೆಗೆಯುವ ಕೊಂಕುಗಳನ್ನೆಲ್ಲ ಸಹಿಸಬೇಕು ಎಂಬುದು ನಿಯಮ. ಅದಕ್ಕೆ ಅಮ್ಮ ಇಟ್ಟ ಹೆಸರು ಬೀಗರೂಟ. "ನಿಮ್ಮ ಹುಡುಗರು ಚೆಂಡು ಹಿಡಿಯುವುದು ಕಲಿಯದಿದ್ರೆ ನಮಗೆಂತ ಮಾರಾಯ, ವರ್ಷ ವರ್ಷ ಹೋಳಿಗೆ ಉಂಟಲ್ಲ" ಎಂದು ಅಂಕಲ್ ಕೆಣಕುವರು. "ತಿನ್ನಪ್ಪಾ, ತಿನ್ನು. ಮುಂದಿನ್ ವರ್ಷ ನಮಗೆ ನೀರ್‌ದೋಸೆ ಹುಯ್ಯೋಷ್ಟರಲ್ಲಿ ಲೀನಾ ಕೈ ಬಿದ್ದುಹೋಗುತ್ತೆ" ಎಂದು ಅಪ್ಪ. "ನನ್ನ ಕೈ ಯಾಕೆ? ಇವರೇ ಹೊಯ್ಯಲಿ" ಎನ್ನುವರು ಲೀನಾ ಆಂಟಿ. ಈ ದೇಶದಲ್ಲಿ ಅಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದವರು ಅವರೊಬ್ಬರೇ.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಕಾಲೇಜು ಬೇರೊಂದು ಕಾನ್ಫರೆನ್ಸಿಗೆ, ಅಂದರೆ ಟಿವಿಯ ಹಣ ಹೆಚ್ಚು ಬರುವ ಕಾಲೇಜುಗಳ ಕೂಟಕ್ಕೆ, ಸೇರಿತು. ಹೊಸ ಕೂಟದ ಪಂದ್ಯಗಳೇ ವೇಳಾಪಟ್ಟಿಯನ್ನು ತುಂಬಿದವು. ನದಿಯಾಚೆಯವರಿಗೆ ಒಂದು ಶನಿವಾರವೂ ಉಳಿಯಲಿಲ್ಲ. ಪತ್ರಿಕೆ ಹಿಡಿದು ಅಡುಗೆಮನೆಗೆ ಓಡಿದ ನಾನು, "ಅಮ್ಮ, ನಾವು ಪಂದ್ಯ ಕಳ್ಕೊಂಡ್ವಿ" ಎಂದೆ. ಇಂಗ್ಲಿಷಿನ ಜಾಡು ಹಿಡಿದ ನನ್ನ ಈ ಪ್ರಯೋಗವನ್ನು, ಮೈಸೂರಿನಲ್ಲಿ ಕನ್ನಡ ಟೀಚರಾಗಿದ್ದ ಅಮ್ಮ ತಂಡದ ಪ್ರತಿ ಸೋಲಿನ ನಂತರವೂ ತಿದ್ದಿದ್ದಳು: "ಪಂದ್ಯ ಸೋಲ್ತೀವಿ. ಕಳ್ಕೊಳ್ಳೋದು ಛತ್ರೀನ." ಅಂದು ತಿದ್ದಲಿಲ್ಲ. ಲಟ್ಟಣಿಗೆ ಕೆಳಗಿಟ್ಟು, "ಇವತ್ತು ಸರಿಯಾಗಿ ಹೇಳ್ದೆ" ಎಂದಳು.

ಸಂಜೆ ಫಿಲಿಪ್ ಅಂಕಲ್ ಫೋನ್ ಮಾಡಿದರು. ಪಂದ್ಯವಿಲ್ಲದ ಮೇಲೆ ಸೋತವರಿಲ್ಲ, ಸೋತವರಿಲ್ಲದೆ ಊಟವಿಲ್ಲ, ಇನ್ನು ಮೋಟೆಲ್ ಬಿಟ್ಟು ಬರುವುದಕ್ಕೆ ನೆಪವೂ ಇಲ್ಲ ಎಂದು ಅವರು ಹೇಳುತ್ತಿದ್ದಂತೆ ಅಮ್ಮ ಅಪ್ಪನ ಕೈಯಿಂದ ಫೋನ್ ಕಸಿದುಕೊಂಡಳು. "ಫಿಲಿಪ್, ಪಂದ್ಯ ಕಳ್ಕೊಂಡೋರು ಯಾರು? ನಾವೂ, ನೀವೂ. ಹಾಗಾದ್ರೆ ಇಬ್ರೂ ಊಟ ಹಾಕ್ಬೇಕು. ಶನಿವಾರ ಇಲ್ಲಿ, ಭಾನುವಾರ ಅಲ್ಲಿ." ಅತ್ತ ಅಂಕಲ್ ಹಿಂದಿನಿಂದ ಲೀನಾ ಆಂಟಿಯ ದನಿ: "ಅಕ್ಕ, ಭಾನುವಾರ ಎಷ್ಟು ಗಂಟೆಗೆ ಬರ್ತೀರಿ?"

ಹೀಗೆ ಒಂದಿದ್ದ ಬೀಗರೂಟ ಎರಡಾಗಿ, ಎಷ್ಟೋ ವರ್ಷ ನಡೆಯಿತು. ನಡೆಯದ ಪಂದ್ಯಗಳ ಬಗ್ಗೆ ಅಪ್ಪನೂ ಅಂಕಲ್ಲೂ ನಡೆದವುಗಳಿಗಿಂತ ಜೋರಾಗಿ ಜಗಳವಾಡಿದರು. ಆಡಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಈಗ ಆ ನಾಲ್ವರಲ್ಲಿ ಉಳಿದಿರುವವರು ಲೀನಾ ಆಂಟಿ ಒಬ್ಬರೇ. ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಕಾಲೇಜು ಮತ್ತೊಮ್ಮೆ ಕೂಟ ಬದಲಿಸಿದೆ.

ಹೋದ ನವೆಂಬರಿನಲ್ಲಿ ನಾನು ಆಂಟಿಯ ಮನೆಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಟಿವಿಯಲ್ಲಿ ನಮ್ಮ ಹುಡುಗರ ಆಟ ನಡೆಯುತ್ತಿತ್ತು. ಎದುರಾಳಿಗಳು ಎಲ್ಲಿಯವರೆಂದು ಆಂಟಿ ಕೇಳಿದರು. ಪೆಸಿಫಿಕ್ ಕರಾವಳಿಯವರು, ಐದಾರು ಗಂಟೆ ವಿಮಾನದಲ್ಲಿ ಬಂದಿದ್ದಾರೆ ಎಂದೆ. ಆಂಟಿ ಆ ಹುಡುಗರನ್ನು ಬಹಳ ಹೊತ್ತು ನೋಡಿದರು. "ಪಾಪ, ಇಷ್ಟು ದೂರ ಬಂದಿದ್ದಾರೆ" ಎಂದರು. "ನಾಳೆ ಅವರಿಗೆ ಊಟ ಯಾರ ಮನೆಯಲ್ಲಿ?"