ಟೇಪಕ್ಕ ಹೊಲಿದ ತೋಳು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಬೆಳಗ್ಗೆ ಎದ್ದು ಕೂದಲು ಕಟ್ಟಿಕೊಳ್ಳುವ ಮೊದಲೇ ಅಳತೆಯ ಟೇಪು ಕೊರಳಿಗೆ ಬೀಳುತ್ತಿತ್ತು. ಮಲಗುವ ಹೊತ್ತಿಗೇ ಅದು ಇಳಿಯುತ್ತಿದ್ದದ್ದು. ಮಕ್ಕಳು ಟೇಪಕ್ಕ ಅಂದರು, ಅವರ ತಾಯಂದಿರೂ ಟೇಪಕ್ಕ ಅಂದರು, ಕೊನೆಗೆ ಅವಳ ಅತ್ತೆಯೂ, ಸೊಸೆಯನ್ನು ಪೂರ್ತಿ ಹೆಸರು ಹಿಡಿದು ಕರೆದರೆ ನಾಲಿಗೆ ಸವೆದೀತು ಎಂಬಂತೆ, "ಏ ಟೇಪು" ಎಂದೇ ಕೂಗತೊಡಗಿದರು.

ಮನೆಯ ಮುಂದಿನ ಕೋಣೆ ಅವಳದು. ಅಡುಗೆಮನೆಯಲ್ಲಿ ಅವಳು ಬೇಯಿಸುತ್ತಿದ್ದಳು, ಹಿತ್ತಲಲ್ಲಿ ಒಗೆಯುತ್ತಿದ್ದಳು, ಮಲಗುವ ಕೋಣೆಯಲ್ಲಿ ಹಾಸಿಗೆ ಕೊಡವುತ್ತಿದ್ದಳು. ಅವು ಯಾವುವೂ ಅವಳವಲ್ಲ. ಬೀದಿಯ ಕಡೆ ಕಿಟಕಿ, ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು, ಮೂಲೆ ಒಡೆದ ಉದ್ದನೆಯ ಕನ್ನಡಿ, ಬಟ್ಟೆ ಬದಲಿಸುವವರಿಗೆ ಒಂದು ಪರದೆ, ಸೋಪಿನ ತುಂಡಿಗೆ ಚುಚ್ಚಿಟ್ಟ ಗುಂಡುಸೂಜಿಗಳು. ಇಷ್ಟೇ ಅವಳ ರಾಜ್ಯ. ಗಂಡಸರು ಹೊಸ್ತಿಲ ಆಚೆಯೇ ನಿಲ್ಲಬೇಕು. ಹದಿನೇಳು ವರ್ಷಗಳಿಂದ ಹೆಂಗಸರು ಅಲ್ಲಿಗೆ ಬಂದು ಕೈ ಎತ್ತಿ ನಿಂತು ಅಳತೆ ಕೊಟ್ಟು ಹೋಗಿದ್ದರು. ಅಳತೆ ಕೊಡುವಾಗ ಯಾವ ಹೆಂಗಸೂ ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ಯಾರು ಸೊರಗಿದರು, ಯಾರಿಗೆ ತಿಂಗಳು ನಿಂತಿದೆ, ಎಲ್ಲ ಮೊದಲು ತಿಳಿಯುತ್ತಿದ್ದದ್ದು ಟೇಪಿಗೆ. ಯಾರದಾದರೂ ರಟ್ಟೆಯ ಮೇಲೆ ಬೆರಳಿನ ನೀಲಿ ಗುರುತು ಕಂಡರೆ ಟೇಪಕ್ಕ ಏನೂ ಕೇಳುತ್ತಿರಲಿಲ್ಲ. "ತೋಳು ಸ್ವಲ್ಪ ಉದ್ದ ಇಡಲಾ?" ಎನ್ನುತ್ತಿದ್ದಳು, ಅಷ್ಟೆ. ಅವಳು ತನಗೆ ಹೊಲಿದುಕೊಂಡ ರವಿಕೆಗಳೆಲ್ಲ ಮಣಿಕಟ್ಟಿನವರೆಗೂ ತೋಳಿನವು, ಬೇಸಿಗೆಯಲ್ಲೂ.

ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮಾರನೆಯ ವಾರ ಅವಳ ಗಂಡ, ಗೋದಾಮೊಂದರ ಮೇಲ್ವಿಚಾರಕ, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ರಾಟ್‌ವೈಲರ್ ನಾಯಿಮರಿ ತಂದ. ಕಪ್ಪು ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಬೊಟ್ಟು, ಮುಷ್ಟಿಯಷ್ಟು ದಪ್ಪ ಪಾದ.

"ದೊಡ್ಡದಾಗ್ಲಿ ನೋಡು, ನೊಣ ಕೂಡ ಕೇಳಿಕೊಂಡೇ ಒಳಗೆ ಬರಬೇಕು. ಎಲ್ಲಾ ನಿನ್ನ ರಕ್ಷಣೆಗೇ," ಎಂದ.

ಅತ್ತೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. "ಹೆತ್ತೋರು ಯಾರೋ, ತಂದೋನು ಇವನು, ಬಾಣಂತನ ನಿನ್ನದು ಕಣೇ ಟೇಪು."

ಮಾತು ಸುಳ್ಳಾಗಲಿಲ್ಲ. ಮೇಜರ್ ಎಂದು ಹೆಸರಿಟ್ಟು ಗಂಡ ತನ್ನ ಪಾಲಿನ ಕೆಲಸ ಮುಗಿಸಿದ. ಮರಿ ಹಾಲು ಕಕ್ಕಿದರೆ ಒರೆಸುವವಳು, ಕಿವಿಯ ಉಣ್ಣಿ ಕೀಳುವವಳು, ಹಿತ್ತಲ ಹೇಲು ಬಾಚುವವಳು, ದಿನಕ್ಕೆ ಎರಡು ಬಾರಿ ಕೋಳಿಯ ಕತ್ತು ಹಾಕಿ ಅನ್ನ ಬೇಯಿಸಿ ಆರಿಸುವವಳು ಟೇಪಕ್ಕ. ವರ್ಷ ತುಂಬುವುದರೊಳಗೆ ಅದು ಅವಳಷ್ಟೇ ತೂಕವಾಯಿತು. ಅವಳು ಮಿಷನ್ನು ತುಳಿಯುತ್ತಿದ್ದರೆ ಬಂದು ಕಾಲಬುಡದಲ್ಲಿ ಮಲಗುತ್ತಿತ್ತು, ದೊಡ್ಡ ತಲೆಯನ್ನು ಅವಳ ಪಾದದ ಮೇಲಿಟ್ಟು. ಸಂಜೆಗೆ ಕಾಲು ಜೋಮು ಹಿಡಿಯುತ್ತಿತ್ತು. ಆದರೂ ಎಳೆದುಕೊಳ್ಳುತ್ತಿರಲಿಲ್ಲ. ಆ ಮನೆಯಲ್ಲಿ ಅವಳ ಮೇಲೆ ಇಷ್ಟು ನಂಬಿಕೆಯಿಂದ ಭಾರ ಹಾಕಿದ ಜೀವ ಬೇರೊಂದಿರಲಿಲ್ಲ.

ಆದರೆ ಕೋಣೆ ಬರಿದಾಗತೊಡಗಿತು. ಗೇಟಿನ ಬಳಿ ಹೆಜ್ಜೆ ಸಪ್ಪಳವಾದರೆ ಸಾಕು, ಕಿಟಕಿಯ ಗಾಜು ನಡುಗುವಂತೆ ಮೇಜರ್ ಬೊಗಳುತ್ತಿತ್ತು. "ಟೇಪಕ್ಕಾ, ಕಟ್ಟಿದೀರಾ?" ಎಂದು ಬೀದಿಯಿಂದಲೇ ಕೂಗಿ ನಿಲ್ಲುತ್ತಿದ್ದ ಹೆಂಗಸರು ಬರಬರುತ್ತಾ ಕೂಗುವುದನ್ನೂ ಬಿಟ್ಟರು. ಹಳೆಯ ರವಿಕೆಯೊಂದನ್ನು ಅಳತೆಗೆಂದು ಹೊಸ ಬಟ್ಟೆಯ ಜೊತೆ ಗೇಟಿಗೆ ಸಿಕ್ಕಿಸಿ ಹೋಗತೊಡಗಿದರು. ಬಿಳಿ ಬಟ್ಟೆಯ ಮೇಲೆಲ್ಲ ಮೋಟು ಕಪ್ಪು ಕೂದಲು. ಒದ್ದೆ ಕೈಯಲ್ಲಿ ಸವರಿ ಸವರಿ ತೆಗೆದರೂ ಒಂದೆರಡು ಹೊಲಿಗೆಯೊಳಗೇ ಸೇರಿಬಿಡುತ್ತಿದ್ದವು.

"ಹಗಲು ಹೊತ್ತು ಕಟ್ಟಲಾ ಇದನ್ನ?" ಎಂದು ಗಂಡನನ್ನು ಕೇಳಿದಳು.

"ಕಟ್ಟಿದ ನಾಯಿ ಏನು ಕಾವಲು ಕಾಯುತ್ತೆ? ನಿನ್ನ ಕೋಣೆಗೆ ಕಂಡಕಂಡವರು ಬರೋದು ನಿಂತರೆ ಅದೂ ಸುಮ್ಮನಾಗುತ್ತೆ. ಅದನ್ನ ಮೊದಲು ಮುಚ್ಚು."

 ಕೋಣೆ ಹೋದರೆ ತನಗೆ ಉಳಿಯುವುದು ಒಲೆ, ಬಚ್ಚಲು ಮತ್ತು ಹಾಸಿಗೆ ಎಂದು ಅವಳಿಗೆ ಗೊತ್ತಿತ್ತು.

ನಾಯಿಗೆ ಶಿಸ್ತು ಕಲಿಸಲು ಗಂಡ ಒಬ್ಬ ತರಬೇತಿಯವನನ್ನು ಗೊತ್ತು ಮಾಡಿದ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ನಗುಮೊಗದ ಮನುಷ್ಯ. ಭಾನುವಾರಗಳಲ್ಲಿ ಹಿತ್ತಲಿಗೆ ಬರುತ್ತಿದ್ದ. ನಾಯಿಯ ಬಾಯಿಗೆ ಕೊಡಲು ಅವನು ಕೈಗೆ ತೊಡುತ್ತಿದ್ದ ದಪ್ಪ ಬಟ್ಟೆಯ ತೋಳು ಹರಿದು ಚಿಂದಿಯಾಗಿತ್ತು.

"ಅಕ್ಕಾ, ನೀವು ಹೊಲಿಗೆಯವರಲ್ವಾ? ನಂಗೊಂದು ತೋಳು ಹೊಲಿದುಕೊಡಿ."

"ಬರೀ ತೋಳಾ? ಅಂಗಿ ಬೇಡ್ವಾ?"

"ಅದು ಕಚ್ಚೋದು ತೋಳನ್ನ ಮಾತ್ರ ಅಕ್ಕಾ. ಅಂಗಿಗೆ ಅಂಗಡಿ ಇದೆ."

ಅವಳು ನಕ್ಕಳು. ಬಹಳ ದಿನಗಳ ಮೇಲೆ ಒಂದು ಹೊಸ ಬಗೆಯ ಕೆಲಸ. ಖಾಕಿ ಕ್ಯಾನ್ವಾಸು, ಒಳಗೆ ಒತ್ತಿದ ಉಣ್ಣೆಯ ದಪ್ಪ ಹಾಳೆ, ನಡುವೆ ಗೋಣಿ. ಮೂರು ಸೂಜಿ ಮುರಿದವು. ಮೊಣಕೈ ಮಡಚಲು ಬರುವಂತೆ ಒಳಮಗ್ಗುಲಲ್ಲಿ ನಾಲ್ಕು ನೆರಿಗೆ ಕೊಟ್ಟಳು. ತೊಟ್ಟು ನೋಡಿದ ತರಬೇತಿಯವನು, "ಅಕ್ಕಾ, ಅಂಗಡೀಲಿ ಇಂಥದ್ದು ಸಿಗಲ್ಲ," ಎಂದಾಗ ಅವಳ ಮುಖ ಅರಳಿತು.

ಪಾಠ ಎರಡು. ಆ ತೋಳು ತೊಟ್ಟ ಕೈ ಮೇಲೆದ್ದರೆ ಮೇಜರ್ ಹಾರಿ ಕಚ್ಚಿ ಹಿಡಿಯಬೇಕು. ಹಿಡಿದು, ಹೇಳಿದಾಗ ಬಿಟ್ಟರೆ ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ಬೇಯಿಸುವುದು ಟೇಪಕ್ಕನ ಕೆಲಸವಾದ್ದರಿಂದ ಸ್ಟೀಲಿನ ಬಟ್ಟಲು ಹಿಡಿದು ನಿಂತು, ಸೌಟಿನಿಂದ ಅದನ್ನು ಬಡಿದು ಕರೆದು ಬಹುಮಾನ ಕೊಡುತ್ತಿದ್ದವಳೂ ಅವಳೇ. ಎರಡನೆಯದು, ಯಜಮಾನ ಅಂಗೈ ತೋರಿಸಿ ಕೈ ಎತ್ತಿದರೆ ನಾಯಿ ಇದ್ದಲ್ಲೇ ನೆಲಕ್ಕೆ ಒರಗಬೇಕು. ಗಂಡನಿಗೆ ಇದು ಬಹಳ ಹಿಡಿಸಿತು. ಬಂದವರಿಗೆಲ್ಲ ಕೈ ಎತ್ತಿ ತೋರಿಸುತ್ತಿದ್ದ; ಆ ಬೆಟ್ಟದಂಥ ಪ್ರಾಣಿ ಚಾಪೆಯಂತೆ ಮಲಗುತ್ತಿತ್ತು.

"ನಂಗೂ ಒಂದು ಮಾತು ಕಲಿಸಿಕೊಡಿ. ಬಿಡು ಅಂದ್ರೆ ಬಿಡೋ ಹಾಗೆ," ಎಂದು ಟೇಪಕ್ಕ ಕೇಳಿದಳು.

"ನೀವು ಅನ್ನ ಹಾಕಿ, ಸಾಕು. ಅಪ್ಪಣೆ ಯಜಮಾನರದ್ದು ಒಬ್ಬರದ್ದೇ ಇರ್ಲಿ. ಇಬ್ಬರ ಮಾತು ನಡೆದರೆ ನಾಯಿ ಕೆಟ್ಟುಹೋಗುತ್ತೆ."

"ಈ ಮನೇಲಿ ಆ ಭಯ ಇಲ್ಲ ಬಿಡಪ್ಪಾ," ಎಂದರು ಅತ್ತೆ, ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ.

ಕೋಣೆಗೆ ಬರುವುದನ್ನು ಬಿಡದೆ ಉಳಿದವಳು ಒಬ್ಬಳೇ, ಸಿಟಿ ಬಸ್ಸಿನ ಕಂಡಕ್ಟರಮ್ಮ. ಟೇಪಕ್ಕನ ಮೊದಲ ಗಿರಾಕಿ ಅವಳು. ಮೇಜರನ್ನು ಮರಿಯಿಂದ ಎತ್ತಿ ಆಡಿಸಿದವಳು. "ಏನಪ್ಪಾ ಮೇಜರ್, ಟಿಕೆಟ್ ತಗೊಂಡ್ಯಾ?" ಎನ್ನುತ್ತಲೇ ಒಳಗೆ ಬರುತ್ತಿದ್ದಳು, ಅದು ಮೋಟು ಬಾಲ ಆಡಿಸುತ್ತಿತ್ತು. ಆ ಚಳಿಗಾಲದಲ್ಲಿ ಅವಳಿಗೆ ಬೆಳಗಿನ ಪಾಳಿ ಬಿದ್ದಿತ್ತು.

"ಡಿಪೋದವರು ಕೊಡೋ ಕೋಟು ಗಂಡಸರ ಅಳತೇದು ಕಣೇ. ಕಂಬಿ ಹಿಡಿಯೋಕೆ ಕೈ ಎತ್ತಿದರೆ ಕಂಕುಳಲ್ಲಿ ಕತ್ತರಿಸುತ್ತೆ, ಸೊಂಟ ಗಾಳಿಗೆ ಬೀಳುತ್ತೆ. ಕೈ ಮೇಲಿದ್ದಾಗಲೂ ಕೋಟು ಕೆಳಗಿರಬೇಕು, ಹಾಗೆ ಹೊಲಿ. ಇದು ಸರಿ ಬಂತು ಅಂದ್ರೆ ನಮ್ಮ ಡಿಪೋದ ನಲವತ್ತು ಹೆಂಗಸರೂ ನಿನ್ನ ಬಾಗಿಲಿಗೇ. ಒಂದು ವರ್ಷ ತಲೆ ಎತ್ತಲ್ಲ ನೀನು."

ನಲವತ್ತು ಹೆಂಗಸರು! ಬಾಗಿಲು ಮುಚ್ಚು ಎನ್ನುವವನ ಬಾಯಿ ಮುಚ್ಚಿಸಲು ಅಷ್ಟು ಸಾಕು. ಟೇಪಕ್ಕ ಎರಡು ದಿನ ಕಾಗದದ ಮೇಲೇ ಗೀಚಿದಳು. ಕಂಕುಳಿಗೆ ಒಂದು ಚೌಕದ ತುಂಡು ಸೇರಿಸುವ ಉಪಾಯ ಹೊಳೆಯಿತು. ಬೆಚ್ಚಗಿರಲೆಂದು ಒಳಗೆ ಏನು ಕೊಡುವುದು? ತರಬೇತಿಯವನ ತೋಳಿಗೆ ತಂದ ಉಣ್ಣೆಯ ಹಾಳೆ ಅರ್ಧ ಉಳಿದಿತ್ತು. ಉಳಿದದ್ದನ್ನು ಎಸೆಯುವುದು ಅವಳ ಜಾಯಮಾನದಲ್ಲಿ ಇಲ್ಲ. ಅಂಗೈಯಗಲದ ಚೂರನ್ನೂ ಗಂಟು ಕಟ್ಟಿಡುವವಳು. ಅದನ್ನೇ ಕತ್ತರಿಸಿ ಖಾಕಿಯ ಕೆಳಗೆ ಹಾಸಿದಳು. ಕಂಡಕ್ಟರಮ್ಮನ ಕೈಗೆ ಏನು ಬೇಕು ಎಂಬುದನ್ನೆಲ್ಲ ಯೋಚಿಸಿದ್ದಳು. ಕಾಲಬುಡದಲ್ಲಿ ಮಲಗಿದ್ದ ಮೇಜರ್ ಏನು ಕಲಿತಿದೆ ಎಂಬುದೊಂದನ್ನು ಬಿಟ್ಟು.

ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ತೊಟ್ಟು ನೋಡಲು ಕಂಡಕ್ಟರಮ್ಮ ಬಂದದ್ದು ಒಂದು ಮಧ್ಯಾಹ್ನ, ಪಾಳಿ ಮುಗಿಸಿ. ಕನ್ನಡಿಯ ಮುಂದೆ ನಿಂತಳು. ಭುಜ ಸರಿ ಕೂತಿತ್ತು. ಟೇಪಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹಿಂದೆ ಸರಿದಳು.

"ಎಲ್ಲಿ, ಕೈ ಎತ್ತಿ. ಕಂಬಿ ಹಿಡಿದ ಹಾಗೆ."

ಕಂಡಕ್ಟರಮ್ಮ ಬಲಗೈ ಎತ್ತಿದಳು. ಬಸ್ಸಿನಲ್ಲಿ ಕೂಗುವಂತೆಯೇ, "ಮುಂದೆ ಹೋಗ್ರೀ, ಮುಂದೆ!" ಎಂದು ತಮಾಷೆಗೆ ಕೂಗಿದಳು.

ಮೇಜರ್ ಬೊಗಳಲಿಲ್ಲ. ಹಿಡಿಯುವಾಗ ಬೊಗಳಬಾರದೆಂದೇ ಅದಕ್ಕೆ ಕಲಿಸಿದ್ದರು. ಹಾರಿ ಆ ತೋಳನ್ನು ಕಚ್ಚಿ ಹಿಡಿಯಿತು.

ಟೇಪಕ್ಕ "ಬಿಡು" ಎಂದು ಕಿರುಚಿದಳು. ಬಾಯಲ್ಲಿದ್ದ ಸೂಜಿಗಳು ಉದುರಿ ಚೆಲ್ಲಿದವು. ಕೊರಳ ಪಟ್ಟಿ ಹಿಡಿದು ಎಳೆದಳು, ಎಳೆದಷ್ಟೂ ಹಿಡಿತ ಬಿಗಿಯಾಯಿತು. ಅವಳು ಹೊಲಿದದ್ದು ಬರೀ ಕಚ್ಚಾ ಹೊಲಿಗೆ. ಕೋಟಿನ ತೋಳು ಭುಜದಿಂದ ಬಿಚ್ಚಿಕೊಂಡು ಬಂತು, ಮೇಜರ್ ಅದನ್ನು ಉಗುಳಿ ಒಳಗಿನ ಕೈಯನ್ನೇ ಹಿಡಿಯಿತು. ಆ ನಾಯಿಗೆ ಅವಳ ಯಾವ ಮಾತೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಸದ್ದು. ಅಡುಗೆಮನೆಗೆ ಓಡಿ, ಸ್ಟೀಲಿನ ಬಟ್ಟಲನ್ನು ಸೌಟಿನಿಂದ ಬಡಿಯುತ್ತಾ ಬಂದಳು. ತಕ್ಷಣ ಬಾಯಿ ಸಡಿಲವಾಯಿತು. ಮೂತಿಯೆಲ್ಲ ಕೆಂಪಾದ ಮೇಜರ್ ಬಾಲ ಆಡಿಸುತ್ತಾ ಅವಳ ಮುಂದೆ ಬಂದು ನೆಟ್ಟಗೆ ಕೂತಿತು, ಮೊಟ್ಟೆಗೆ.

ಕಂಡಕ್ಟರಮ್ಮನ ಕೈಗೆ ಮೂವತ್ತೊಂದು ಹೊಲಿಗೆ ಬಿದ್ದವು. ಬೆರಳು ಮಡಚುತ್ತವೆ, ಭುಜದಿಂದ ಮೇಲೆ ಕೈ ಏಳುವುದಿಲ್ಲ ಎಂದರು ಡಾಕ್ಟರು. ಕಂಬಿ ಹಿಡಿಯಲಾಗದ ಕಂಡಕ್ಟರು ಯಾವ ಬಸ್ಸಿಗೆ ಬೇಕು? ಟೇಪಕ್ಕ ನೋಡಲು ಹೋದಳು. ಮಂಚದ ಬಳಿ ನಿಂತಳೋ ಇಲ್ಲವೋ, ಕಂಡಕ್ಟರಮ್ಮ ಗೋಡೆಯವರೆಗೂ ಹಿಂದೆ ಸರಿದಳು.

"ಅಕ್ಕಾ, ನನ್ನಿಂದ ತಪ್ಪಾಯ್ತು..."

"ನಿನ್ನ ಮೇಲೆ ಸಿಟ್ಟಿಲ್ಲ ಟೇಪಕ್ಕ. ಆದ್ರೆ ಬರಬೇಡ. ನಿನ್ನ ಬಟ್ಟೇಲಿ ಅದರ ವಾಸನೆ ಇದೆ. ನಂಗೆ ಉಸಿರು ನಿಲ್ಲುತ್ತೆ."

ಸಂಜೆ ಗಂಡನ ಮುಂದೆ ಅವಳು ನೇರವಾಗಿ ಹೇಳಿದಳು. "ನಾಯೀನ ಗೋದಾಮಿಗೆ ಕರಕೊಂಡು ಹೋಗಿ. ಅಲ್ಲಿ ಕಾವಲಿಗೆ ಇರ್ಲಿ."

"ಇಷ್ಟು ತಯಾರಾದ ನಾಯೀನ ಗೋದಾಮಿಗಾ? ನಾಯಿದೇನು ತಪ್ಪು? ಹೇಳಿಕೊಟ್ಟಿದ್ದನ್ನ ಮಾಡ್ತು. ತೋಳು ಹೊಲಿದವಳು ನೀನು. ಕೈ ಎತ್ತು ಅಂದವಳೂ ನೀನೇ." ಅವನ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ನಾಳೆಯಿಂದ ಆ ಕೋಣೆ ಮೇಜರ್‌ಗೆ. ಮಿಷನ್ನು ಹಿತ್ತಲ ಜಗಲಿಗೆ ಹಾಕು."

"ಕೋಣೆ ಬಿಡಲ್ಲ ನಾನು." ಹದಿನೇಳು ವರ್ಷಗಳಲ್ಲಿ ಅವಳು ಹಾಗೆ ಅಂದದ್ದು ಮೊದಲ ಸಲ. "ನಾಯಿ ಬೇಕಾದ್ರೆ ಇಟ್ಕೊಳ್ಳಿ. ಕೋಣೆ ನಂದು."

ಗಂಡನ ಕೈ ಮೇಲೆದ್ದಿತು.

ಒಂದು ಕ್ಷಣ, ಬಹುಶಃ ಅದಕ್ಕಿಂತಲೂ ಕಡಿಮೆ, ಅವಳು ನಾಯಿಯ ಕಡೆ ನೋಡಿದಳು. ಅವಳು ಬೇಯಿಸಿ ಹಾಕಿದ ಅನ್ನದಿಂದ ಬೆಳೆದ ಮೈ, ಅವಳ ಪಾದದ ಮೇಲೆ ಮಲಗಿದ ತಲೆ, ಅವಳ ರಕ್ಷಣೆಗೆಂದೇ ತಂದ ಹಲ್ಲು. ಮೇಜರ್ ಎತ್ತಿದ ಅಂಗೈಯನ್ನು ನೋಡಿತು. ಕಲಿತ ಪಾಠ ಮರೆಯಲಿಲ್ಲ. ಮುಂಗಾಲು ಚಾಚಿ, ಗದ್ದ ನೆಲಕ್ಕೆ ಹಚ್ಚಿ, ಅಚ್ಚುಕಟ್ಟಾಗಿ ಮಲಗಿತು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಎದ್ದು ಹೋಗಿ ಒಂದು ಒದ್ದೆ ಬಟ್ಟೆ ತಂದು ಸೊಸೆಯ ಕೈಗಿತ್ತರು, ಮುಖ ನೋಡದೆ. ಅವರ ರವಿಕೆಯ ತೋಳೂ ಮಣಿಕಟ್ಟಿನವರೆಗಿತ್ತು. ಅದನ್ನು ಹೊಲಿದವಳೂ ಟೇಪಕ್ಕನೇ. ಹೆಂಗಸರ ರವಿಕೆ ಹೊಲಿದೇ ಬದುಕಿದವಳಿಗೆ ಇಷ್ಟು ವರ್ಷ ಅದು ವಯಸ್ಸಾದವರ ಅಭಿರುಚಿ ಎಂದೇ ಅನ್ನಿಸಿತ್ತು.

ಈಗ ಮಿಷನ್ನು ಹಿತ್ತಲ ಜಗಲಿಯಲ್ಲಿದೆ. ಕನ್ನಡಿ ಗೋಡೆಗೆ ಮುಖ ಮಾಡಿದೆ. ಪರದೆಯನ್ನು ಮಡಚಿ ಮೇಜರ್‌ಗೆ ಹಾಸಿದ್ದಾಳೆ. ಹೆಂಗಸರು ಬರುವುದಿಲ್ಲ, ಗೇಟಿಗೆ ಬಟ್ಟೆ ಸಿಕ್ಕಿಸುವವರೂ ಇಲ್ಲ. ಬರುವವನು ತರಬೇತಿಯವನೊಬ್ಬನೇ. ಅವಳು ಹೊಲಿದ ತೋಳಿನ ಖ್ಯಾತಿ ಅವನ ಬಳಗದಲ್ಲೆಲ್ಲ ಹಬ್ಬಿದೆ. ತಿಂಗಳಿಗೆ ಆರು ಬೇಕು, ಎಂಟು ಬೇಕು ಎನ್ನುತ್ತಾನೆ.

"ಅಳತೆ?" ಎಂದು ಮೊದಮೊದಲು ಅವಳು ಕೇಳುತ್ತಿದ್ದಳು.

"ಅಳತೆ ಯಾಕಕ್ಕಾ? ಯಾರ ಕೈ ಆದ್ರೇನು."

ಅವಳು ಕೇಳುವುದನ್ನು ಬಿಟ್ಟಳು. ಟೇಪು ಮೊಳೆಗೆ ನೇತಾಡುತ್ತಿದೆ. ಹೊಲಿದು ಮುಗಿದ ಪ್ರತಿ ತೋಳನ್ನೂ ಒಮ್ಮೆ ತಾನೇ ತೊಟ್ಟು ನೋಡುತ್ತಾಳೆ, ಮೊಣಕೈ ಮಡಚಬೇಕಲ್ಲ. ನಿನ್ನೆಯೂ ತೊಟ್ಟಳು. ಕಾಲಬುಡದಲ್ಲಿದ್ದ ಮೇಜರ್ ಕಿವಿ ನಿಮಿರಿಸಿ ಎದ್ದು ಕೂತಿತು. ಅವಳ ಕೈ ಮೇಲೇಳುತ್ತದೆಯೋ ಎಂದು ಅದು ಕಾದಿತ್ತು, ಎತ್ತಲೋ ಬೇಡವೋ ಎಂದು ಅವಳೂ ನಿಂತಿದ್ದಳು.

ಅಷ್ಟರಲ್ಲಿ ಗೇಟಿನ ಚಿಲಕದ ಸದ್ದಾಯಿತು. ಗಂಡನ ಹೆಜ್ಜೆ. ಮೇಜರ್ ಗದ್ದ ನೆಲಕ್ಕೆ ಹಚ್ಚಿ ಮಲಗಿತು. ಟೇಪಕ್ಕ ತೋಳು ಕಳಚಿ ಉಳಿದವುಗಳ ಮೇಲಿಟ್ಟು, ಟೀಗೆ ನೀರಿಡಲು ಒಳಗೆ ಹೋದಳು.